ಚಟಪಟ ನಿಂತಾಗ ಎಣ್ಣೆ ಸಿದ್ಧ

ಬೆಣ್ಣೆ ಕಾಯಿಸುವ ಗೃಹಿಣಿ ಗಡಿಯಾರ ನೋಡುವುದು ಕಡಿಮೆ. ಒಲೆಯ ಮೇಲೆ ಪಾತ್ರೆ ಇಟ್ಟು ಆಕೆ ತರಕಾರಿ ಹೆಚ್ಚುತ್ತಲೋ ಮಕ್ಕಳ ಜಡೆ ಹೆಣೆಯುತ್ತಲೋ ಇರುತ್ತಾಳೆ. ಕಿವಿ ಮಾತ್ರ ಒಲೆಯ ಕಡೆಗೇ. ಮೊದಲು ಗುಳುಗುಳು, ಆಮೇಲೆ ಚಟಪಟ. ಕೊನೆಗೆ ಸದ್ದು ಅಡಗಿ ತೆಳು ನೊರೆ ಏಳುವ ಹೊತ್ತಿಗೆ ಒಂದು ವೀಳ್ಯದೆಲೆಯನ್ನೋ ನಾಲ್ಕು ಎಸಳು ನುಗ್ಗೆಸೊಪ್ಪನ್ನೋ ಹಾಕಿ ಪಾತ್ರೆ ಇಳಿಸಿಬಿಡುತ್ತಾಳೆ. ಅಷ್ಟು ಹೊತ್ತು ಸದ್ದು ಮಾಡುತ್ತಿದ್ದದ್ದು ಬೆಣ್ಣೆಯಲ್ಲ, ಅದರೊಳಗಿನ ನೀರು. ಬೆಣ್ಣೆಯ ತೂಕದಲ್ಲಿ ಸುಮಾರು ಆರನೇ ಒಂದು ಭಾಗ ನೀರೇ. ಅದು ಆವಿಯಾಗಿ ಹೋದ ಮೇಲೆ ಉಳಿದ ತುಪ್ಪ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ನೀರು ಉಳಿಸಿಕೊಂಡ ಬೆಣ್ಣೆಯಾದರೋ ನಾಲ್ಕು ದಿನಕ್ಕೇ ಹುಳಿ ವಾಸನೆ ಹಿಡಿಯುತ್ತದೆ.

ಮುಖಕ್ಕೆ ಹಚ್ಚುವ ಎಣ್ಣೆಯನ್ನು ಮನೆಯಲ್ಲೇ ಮಾಡಿಕೊಳ್ಳ ಹೊರಟವರಿಗೆ ಈ ತುಪ್ಪದ ಪಾಠವೇ ಮೊದಲ ಪಾಠ. ಪುಟ್ಟ ಸೀಸೆಯೊಂದಕ್ಕೆ ನೂರಾರು ರೂಪಾಯಿ ಕೊಡುವ ಬದಲು ಮನೆಯಲ್ಲೇ ಮಾಡೋಣ ಎಂಬ ಉತ್ಸಾಹ ಕಾಲೇಜು ಹುಡುಗಿಯರಲ್ಲಿ, ಹುಡುಗರಲ್ಲೂ, ಇಂದು ಸಾಕಷ್ಟಿದೆ. ಸಾಮಾನ್ಯವಾಗಿ ಆಗುವುದು ಹೀಗೆ: ಒಂದು ಗಾಜಿನ ಸೀಸೆಗೆ ಕೊಬ್ಬರಿ ಎಣ್ಣೆ ಸುರಿದು, ಅದಕ್ಕೆ ಹಸಿ ಲೋಳೆಸರದ ತಿರುಳು, ಆಗಷ್ಟೇ ಕಿತ್ತ ಗುಲಾಬಿ ದಳ, ತುರಿದ ಕ್ಯಾರೆಟ್ ಹಾಕಿ ಕಿಟಕಿಯ ಬಿಸಿಲಿಗೆ ಇಡುತ್ತಾರೆ. ನೋಡಲು ಚೆಂದವೇ. ಹತ್ತು ದಿನಕ್ಕೆ ಮೇಲೆ ಬೂಷ್ಟು, ತಳದಲ್ಲಿ ಲೋಳೆ. ಲೋಳೆಸರದ ತಿರುಳಿನಲ್ಲಿ ನೂರಕ್ಕೆ 98 ಭಾಗಕ್ಕೂ ಹೆಚ್ಚು ನೀರು. ಶುದ್ಧ ಎಣ್ಣೆಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಅದರೊಳಗೆ ಸಿಕ್ಕಿಕೊಂಡ ನೀರಿನ ಹನಿಯಲ್ಲಿ ಧಾರಾಳವಾಗಿ ಬೆಳೆಯುತ್ತವೆ. ಅದನ್ನೇ ಮುಖಕ್ಕೆ ಸವರಿಕೊಂಡರೆ ಆಗುವುದನ್ನು ಹೇಳಬೇಕಾಗಿಲ್ಲ.

ಎಣ್ಣೆ ಮಾಡುವ ಕೆಲಸ

ಎಣ್ಣೆ ಚರ್ಮಕ್ಕೆ ‘ಆಹಾರ’ ಕೊಡುತ್ತದೆ ಎಂಬ ಮಾತು ಹಳೆಯದು. ಚರ್ಮಕ್ಕೆ ಆಹಾರ ಬರುವುದು ರಕ್ತದಿಂದ. ಎಣ್ಣೆಯ ಕೆಲಸ ಹೊರಗಿನದು. ಚರ್ಮದ ತೀರ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದುಂಟು: ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಕೊಬ್ಬಿನಂಥ ಪದಾರ್ಥಗಳು ಗಾರೆ. ಮುಖದ ಮೇಲೆ ಈ ಗೋಡೆಯ ದಪ್ಪ ಒಂದು ಮಿಲಿಮೀಟರಿನ ನೂರನೇ ಭಾಗದ ಆಸುಪಾಸು. ಒಳಗಿನ ನೀರು ಹೊರಗೆ ಹಾರಿಹೋಗದಂತೆ ತಡೆಯುವುದು ಇದೇ. ಮಾಗಿಯ ಒಣಗಾಳಿಗೆ, ಬಿಸಿನೀರಿಗೆ, ಖಾರವಾದ ಸೋಪಿಗೆ ಗಾರೆ ಸವೆದಾಗ ತುಟಿ ಒಡೆಯುತ್ತದೆ, ಕೆನ್ನೆಯ ಮೇಲೆ ಬಿಳಿ ಹೊಟ್ಟು ಏಳುತ್ತದೆ. ಆಗ ಹಚ್ಚಿದ ಎಣ್ಣೆ ಬಿರುಕಿಗೆ ಮೆತ್ತಿದ ತಾತ್ಕಾಲಿಕ ಗಾರೆ.

ಆದ್ದರಿಂದ ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇದ್ದ ನೀರನ್ನು ಹಿಡಿದಿಡುತ್ತದೆ. ಮುಖ ತೊಳೆದು, ಒರಟಾಗಿ ಉಜ್ಜದೆ ಬಟ್ಟೆಯಿಂದ ಒತ್ತಿ, ಇನ್ನೂ ತುಸು ಪಸೆ ಇರುವಾಗಲೇ ಹಚ್ಚಬೇಕೆಂದು ಹೇಳುವುದು ಈ ಕಾರಣಕ್ಕೆ. ಎಷ್ಟು ಎಣ್ಣೆ ಬೇಕು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಮುಖದ ವಿಸ್ತೀರ್ಣ ಸುಮಾರು 350 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ನಾಲ್ಕು ಹನಿ ಎಣ್ಣೆ ಎಂದರೆ ಸರಿಸುಮಾರು 0.15 ಘನ ಸೆಂಟಿಮೀಟರ್. ಭಾಗಿಸಿದರೆ ಪದರದ ದಪ್ಪ ಮಿಲಿಮೀಟರಿನ ಸಾವಿರದ ನಾಲ್ಕು ಭಾಗ. ತಲೆಗೂದಲಿನ ದಪ್ಪದ ಹದಿನೈದನೇ ಒಂದು ಪಾಲು. ಅಷ್ಟು ಸಾಕು. ಅಂಗೈ ತುಂಬ ಸುರಿದುಕೊಂಡದ್ದು ಹೋಗುವುದು ದಿಂಬಿಗೆ.

ಹದಿನಾಲ್ಕರ ಮುಖ, ನಲವತ್ತರ ಮುಖ

ಇಲ್ಲಿ ತಾಯಿ–ಮಗಳ ಜಗಳವೊಂದು ಅನೇಕ ಮನೆಗಳಲ್ಲಿ ನಡೆಯುತ್ತದೆ. “ಎಣ್ಣೆ ಕಾಣದ ತಲೆ, ಎಣ್ಣೆ ಕಾಣದ ಮುಖ, ಹೇಗೆ ಬಾಡಿದ್ದೀ ನೋಡು” ಎಂದು ತಾಯಿ. “ಎಣ್ಣೆ ಹಚ್ಚಿದರೆ ಮೊಡವೆ ಏಳುತ್ತೆ ಅಮ್ಮಾ” ಎಂದು ಮಗಳು. ವಿಜ್ಞಾನದ ಮಟ್ಟಿಗೆ ಇಲ್ಲಿ ಗೆಲುವು ಮಗಳದೇ.

ಹರೆಯ ಬರುತ್ತಿದ್ದಂತೆ ಆಂಡ್ರೋಜೆನ್ ಎಂಬ ಹಾರ್ಮೋನುಗಳು ಚರ್ಮದ ಜಿಡ್ಡಿನ ಗ್ರಂಥಿಗಳನ್ನು ಚುರುಕುಗೊಳಿಸುತ್ತವೆ. ಹಣೆ, ಮೂಗು, ಗಲ್ಲದಲ್ಲಿ ಈ ಗ್ರಂಥಿಗಳು ಹೆಚ್ಚು. ಜಿಡ್ಡು ಹೊರಬರುವ ರಂಧ್ರ ಸತ್ತ ಕೋಶಗಳಿಂದ ಕಟ್ಟಿಕೊಂಡು, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿದರೆ ಅದೇ ಮೊಡವೆ. ಇಂಥ ಮುಖಕ್ಕೆ ಹೊರಗಿನಿಂದಲೂ ಎಣ್ಣೆ ಸುರಿಯುವುದು ತುಂಬಿದ ಕೆರೆಗೆ ಕಾಲುವೆ ತೋಡಿದಂತೆ. ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚಿಕೊಂಡವರ ಹಣೆಯಂಚಿನಲ್ಲೇ ಸಾಲುಸಾಲಾಗಿ ಸಣ್ಣ ಮೊಡವೆ ಏಳುವುದನ್ನು ಚರ್ಮವೈದ್ಯರು ಬೇರೆಯಾಗಿಯೇ ಗುರುತಿಸಿದ್ದಾರೆ. ಕೂದಲಿಗೆ ಹಚ್ಚಲಿ, ಹಣೆಗೆ ಇಳಿಯದಂತೆ ನೋಡಿಕೊಂಡರಾಯಿತು.

ತಾಯಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ನಲವತ್ತು ದಾಟಿದ ಆಕೆಯ ಮುಖ ಒಣಗತೊಡಗಿದೆ, ಆಕೆಗೆ ಎಣ್ಣೆ ಹಿತ. ತನಗೆ ಹಿತವಾದದ್ದು ಮಗಳಿಗೂ ಹಿತ ಎಂದುಕೊಂಡದ್ದರಲ್ಲಿ ಮಾತ್ರ ತಪ್ಪು. ಮೊಡವೆ ಇರುವ ಹುಡುಗ ಹುಡುಗಿಯರು ಮುಖದ ಎಣ್ಣೆಯನ್ನು ತುಟಿಗೆ, ಮೊಣಕೈಗೆ, ಒಡೆದ ಹಿಮ್ಮಡಿಗೆ ಬಳಸಿಕೊಳ್ಳಲಿ. ಮುಖಕ್ಕೆ ಬೇಡ.

ಬಣ್ಣದ ಮಾತು

ಮನೆಯಲ್ಲಿ ಎಣ್ಣೆ ಮಾಡಲು ಕೂತವರ ಮನಸ್ಸಿನ ಮೂಲೆಯಲ್ಲಿ ಬಹುಪಾಲು ಇನ್ನೊಂದು ಆಸೆ ಇರುತ್ತದೆ. ಬೆಳ್ಳಗಾಗುವುದು. ಇದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. ಯಾವ ಎಣ್ಣೆಯೂ, ಕೇಸರಿ ಹಾಕಿದ್ದೂ, ಗಂಧ ಹಾಕಿದ್ದೂ, ಹುಟ್ಟಿದ ಬಣ್ಣವನ್ನು ಬದಲಿಸದು. ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಕೋಶಗಳು ಚರ್ಮದ ಒಳಪದರದಲ್ಲಿವೆ. ಅವು ಎಷ್ಟು ತಯಾರಿಸಬೇಕೆಂಬುದು ತಂದೆತಾಯಿಯರಿಂದ ಬಂದ ಬಳುವಳಿ, ಮೇಲೆ ಬಿಸಿಲಿನ ಪ್ರಭಾವ. ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಗಳಿಂದ ಚರ್ಮವನ್ನು ಕಾಯುವ ಕೊಡೆ. ನಮ್ಮಂಥ ಬಿಸಿಲ ನಾಡಿನಲ್ಲಿ ಅದು ಇರುವುದು ಒಳ್ಳೆಯದಕ್ಕೇ.

ಎಣ್ಣೆಯಿಂದ ಆಗದ್ದು ತಿಳಿದಾಗ ಮಕ್ಕಳು ಮುಂದೆ ಹೋಗುವುದು ಅಂಗಡಿಗೆ. ಅಪಾಯ ಇರುವುದು ಅಲ್ಲಿ. ಬೆಟಾಮೆಥಸೋನ್, ಕ್ಲೋಬೆಟಸಾಲ್ ಮೊದಲಾದ ಸ್ಟೀರಾಯ್ಡ್ ಇರುವ ಲೇಪಗಳು ಇಸುಬು, ಸೋರಿಯಾಸಿಸ್‌ನಂಥ ರೋಗಗಳ ಔಷಧಿ. ಅವನ್ನು ‘ಮುಖಕ್ಕೆ ಒಳ್ಳೆಯ ಕ್ರೀಮು’ ಎಂದು ಒಬ್ಬರಿಂದೊಬ್ಬರು ಕೇಳಿ ಕೊಂಡು ಹಚ್ಚುವುದು ನಮ್ಮ ದೇಶದಲ್ಲಿ ದೊಡ್ಡ ಪಿಡುಗಾಗಿ ಬೆಳೆಯಿತು. ಮೊದಲ ಕೆಲವು ವಾರ ಮುಖ ತಿಳಿಯಾಗಿ, ಬೆಳ್ಳಗೆ ಕಾಣುತ್ತದೆ. ಕ್ರಮೇಣ ಚರ್ಮ ತೆಳುವಾಗಿ ಕೆಂಪು ನಾಳಗಳು ಹೊರಗೆ ಕಾಣುತ್ತವೆ, ಹುಡುಗಿಯರ ಕೆನ್ನೆಯಲ್ಲೂ ರೋಮ ಬೆಳೆಯುತ್ತದೆ, ಮೊಡವೆ ಗುಂಪುಗುಂಪಾಗಿ ಏಳುತ್ತದೆ. ನಿಲ್ಲಿಸೋಣವೆಂದರೆ ಉರಿ, ಕೆಂಪು. ಮತ್ತೆ ಹಚ್ಚಿದರಷ್ಟೇ ಸಮಾಧಾನ. ಹೀಗೆ ಮುಖವೇ ಲೇಪದ ದಾಸನಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಇನ್ನೊಂದು ವಿಷ ಪಾದರಸ. ಅದು ಮೆಲನಿನ್ ತಯಾರಿಕೆಯನ್ನೇ ತಡೆಯುವುದರಿಂದ ಬೇಗ ಬಿಳುಪು ತರುತ್ತದೆ. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುವುದೂ ಅದೇ. ತಯಾರಕರ ಹೆಸರು, ವಿಳಾಸ, ಒಳಗೆ ಏನಿದೆ ಎಂಬ ವಿವರ ಇಲ್ಲದ ಡಬ್ಬಿ ಮಗುವಿನ ಪುಸ್ತಕದ ಚೀಲದಲ್ಲಿ ಕಂಡರೆ ತಂದೆತಾಯಿಗಳು ಬೈಯುವ ಮೊದಲು ಚರ್ಮವೈದ್ಯರ ಬಳಿ ಕರೆದೊಯ್ಯಬೇಕು. ಆ ಡಬ್ಬಿಯನ್ನೂ ಜೊತೆಗೆ ಒಯ್ಯಲಿ. ಅದನ್ನು ಕೊಳ್ಳುವಂತೆ ಮಾಡಿದ ಮಾತು, “ಸ್ವಲ್ಪ ಕಪ್ಪಾದಳು” ಎಂಬ ಮಾತು, ಮನೆಯಲ್ಲೇ ಯಾರೋ ಆಡಿದ್ದಿರಬಹುದು.

ಯಾವ ಎಣ್ಣೆ?

ಹಾಗಾದರೆ ಒಣ ಚರ್ಮದವರು, ಮಾಗಿಗೆ ಮುಖ ಬಿರಿಯುವವರು ಏನು ಹಚ್ಚಬೇಕು? ನಮ್ಮ ನಾಡಿನಲ್ಲೇ ಬೇಕಾದಷ್ಟು ಬಗೆ ಇದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ನೂರಕ್ಕೆ 90 ಭಾಗ ಪರ್ಯಾಪ್ತ ಕೊಬ್ಬಾದ್ದರಿಂದ ಬೇಗ ಕಮಟುವುದಿಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಸೀಸೆಯನ್ನು ಬಿಸಿನೀರಿನಲ್ಲಿ ನಿಲ್ಲಿಸುವ ಕಷ್ಟ ಎಲ್ಲರೂ ಬಲ್ಲರು. ಕೈಕಾಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮುಖದ ರಂಧ್ರ ಕಟ್ಟುವ ಎಣ್ಣೆಗಳ ಪಟ್ಟಿಯಲ್ಲಿ ಮಾತ್ರ ಇದರ ಹೆಸರು ಮೇಲೇ ಇದೆ. ಆ ಪಟ್ಟಿ ಹಿಂದೆ ಮೊಲದ ಕಿವಿಯ ಮೇಲೆ ಹಚ್ಚಿ ನೋಡಿ ಮಾಡಿದ್ದು. ಮನುಷ್ಯರ ಮುಖ ಮೊಲದ ಕಿವಿಯಲ್ಲ, ಆದರೂ ಎಚ್ಚರಿಕೆಯಾಗಿ ನೆನಪಿಡಬಹುದು.

ಉತ್ತರ ಕರ್ನಾಟಕದ ಕಪ್ಪುಮಣ್ಣಿನ ಹೊಲಗಳ ಕುಸುಬಿಗೆ ಈ ವಿಷಯದಲ್ಲಿ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಸಾಮಾನ್ಯ ಕುಸುಬಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಭಾಗ ಲಿನೋಲೆಯಿಕ್ ಆಮ್ಲ. ಚರ್ಮದ ಗಾರೆಗೆ ಬೇಕಾದ, ದೇಹ ತಾನೇ ತಯಾರಿಸಿಕೊಳ್ಳಲಾರದ ಕೊಬ್ಬಿನಾಮ್ಲ ಇದು. ಸೂರ್ಯಕಾಂತಿ, ಹುಚ್ಚೆಳ್ಳು ಕೂಡ ಇದೇ ಜಾತಿ. ತೆಳು, ಅಂಟು ಕಡಿಮೆ, ಮುಖದ ಮೇಲೆ ಭಾರವೆನಿಸುವುದಿಲ್ಲ. ಇದಕ್ಕೆ ಎದುರಾಗಿ, ವಿದೇಶಿ ಎಂಬ ಕಾರಣಕ್ಕೆ ದುಬಾರಿ ಬೆಲೆಗೆ ಕೊಳ್ಳುವ ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವುದು ಓಲೆಯಿಕ್ ಆಮ್ಲ. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ವಯಸ್ಕರ ಮುಂಗೈಗೆ ಕೆಲವು ವಾರ ಎಣ್ಣೆ ಹಚ್ಚಿ ನೋಡಿದಾಗ, ಆಲಿವ್ ಎಣ್ಣೆ ಹೊರಪದರದ ಗೋಡೆಯನ್ನು ಸಡಿಲಿಸಿತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಎಳ್ಳೆಣ್ಣೆಯಲ್ಲಿ ಎರಡೂ ಆಮ್ಲಗಳು ಹೆಚ್ಚುಕಡಿಮೆ ಸಮಪಾಲು. ಹರಳೆಣ್ಣೆ ತೀರ ಮಂದ. ಒಡೆದ ತುಟಿಗೆ ಒಂದು ಹನಿ ಸರಿ.

ಮಾಡುವ ಬಗೆ

ಕರಾವಳಿಯ ಮನೆಗಳಲ್ಲಿ ಎಳೆಮಕ್ಕಳ ಮೈಗೆಂದು ತೆಂಗಿನಹಾಲು ಕಾಯಿಸಿ ಎಣ್ಣೆ ತೆಗೆಯುವ ಪದ್ಧತಿ ಉಂಟು. ಅದನ್ನು ಒಮ್ಮೆಯಾದರೂ ಮಕ್ಕಳ ಕಣ್ಣೆದುರು ಮಾಡಿ ತೋರಿಸುವುದು ಒಳ್ಳೆಯದು. ನಾಲ್ಕು ಬಲಿತ ಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು ಮೂರು ನಾಲ್ಕು ತಾಸು ತಣ್ಣಗೆ ಇಟ್ಟರೆ ಕೆನೆ ಮೇಲೆ ಬರುತ್ತದೆ. ಕೆನೆಯನ್ನಷ್ಟೇ ತೆಗೆದು ಅಗಲ ಬಾಣಲೆಯಲ್ಲಿ ಸಣ್ಣ ಉರಿಯ ಮೇಲಿಡಬೇಕು. ಮೊದಲು ಹಾಲಿನಂತೆ ಕುದಿಯುತ್ತದೆ. ಆಮೇಲೆ ಪ್ರೋಟೀನು ಮೊಸರೊಡೆದಂತೆ ಗಂಟುಕಟ್ಟಿ, ನಡುವೆ ತಿಳಿಯಾದ ಎಣ್ಣೆ ಕಾಣಿಸುತ್ತದೆ. ಗಂಟುಗಳು ಬಿಳಿಯಿಂದ ಹೊಂಬಣ್ಣಕ್ಕೆ ತಿರುಗಿ, ಚಟಪಟ ನಿಂತ ಕೂಡಲೇ ಇಳಿಸಬೇಕು. ಕಾಲು ಲೀಟರಿನ ಒಳಗೆ ಎಣ್ಣೆ ಸಿಕ್ಕೀತು.

ಆ ‘ಕೂಡಲೇ’ ಎಂಬ ಮಾತಿಗೆ ಕಾರಣವಿದೆ. ನೀರು ಇರುವವರೆಗೆ ಪಾತ್ರೆಯ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಒಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಶಾಲೆಯಲ್ಲಿ ಕಲಿಯುವ ಗುಪ್ತೋಷ್ಣ ಇದೇ: ಒಂದು ಗ್ರಾಂ ನೀರಿಗೆ ಸುಮಾರು 540 ಕ್ಯಾಲೊರಿ. ನೀರು ಮುಗಿದ ಮರುಗಳಿಗೆಯಿಂದ ಉಷ್ಣತೆ ಸರ್ರನೆ ಏರಿ, ಎಣ್ಣೆ ಕಪ್ಪಾಗಿ ಸೀದ ವಾಸನೆ ಹಿಡಿಯುತ್ತದೆ.

ನಮ್ಮ ಹಿಂದಿನ ವೈದ್ಯರಿಗೆ ಉಷ್ಣಮಾಪಕ ಇರಲಿಲ್ಲ, ಆದರೆ ಈ ಗಳಿಗೆಯನ್ನು ಹಿಡಿಯುವ ಉಪಾಯ ಗೊತ್ತಿತ್ತು. ಆಯುರ್ವೇದದ ತೈಲಪಾಕದಲ್ಲಿ ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ನೀರು ಅಥವಾ ಕಷಾಯ ಹದಿನಾರು ಪಾಲು ಎಂಬುದು ಸಾಮಾನ್ಯ ಲೆಕ್ಕ. ನೀರೆಲ್ಲ ಹೋಗುವವರೆಗೆ ಕಾಯಿಸಿ, ತಳದ ಮೂಲಿಕೆಯನ್ನು ಚಿಟಿಕೆ ತೆಗೆದು ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿಯುತ್ತಾರೆ. ಚಟಚಟ ಎಂದರೆ ಇನ್ನೂ ನೀರಿದೆ. ಸದ್ದಿಲ್ಲದೆ ಉರಿದರೆ ಪಾಕ ಸಿದ್ಧ. ಇದಕ್ಕಿಂತ ಸರಳವಾದ ತೇವಾಂಶ ಪರೀಕ್ಷೆ ಇಂದಿಗೂ ಮನೆಯಲ್ಲಿ ಮಾಡಲು ಸಿಗುವುದಿಲ್ಲ. (ಇದನ್ನು ದೊಡ್ಡವರೇ, ಒಲೆಯಿಂದ ಎಣ್ಣೆ ದೂರವಿಟ್ಟು, ಇಕ್ಕಳದಲ್ಲಿ ಹಿಡಿದು ಮಾಡಬೇಕು.)

ಮುಖಕ್ಕೆಂದೇ ಮಾಡುವುದಾದರೆ ಕುಸುಬಿ ಎಣ್ಣೆಯನ್ನು ಅಷ್ಟು ಹೊತ್ತು ಕಾಯಿಸುವುದು ಬೇಡ. ಲಿನೋಲೆಯಿಕ್ ಆಮ್ಲ ಶಾಖಕ್ಕೆ, ಗಾಳಿಗೆ ಬೇಗ ಕೆಡುತ್ತದೆ. ಅದಕ್ಕೆ ನೀರೇ ಇಲ್ಲದ ದಾರಿ ಹಿಡಿಯಬೇಕು. 100 ಮಿಲಿಲೀಟರ್ ಎಣ್ಣೆಗೆ ಚೆನ್ನಾಗಿ ಒಣಗಿಸಿ ಜಜ್ಜಿದ ಜೇಷ್ಠಮಧು 10 ಗ್ರಾಂ ಹಾಕಿ, ಒಣ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ, ಬಿಸಿನೀರಿನ ಪಾತ್ರೆಯೊಳಗೆ ಎರಡು ತಾಸು ನಿಲ್ಲಿಸಿದರೆ ಸಾಕು. ನೀರು ಕೊತಕೊತ ಕುದಿಯಬೇಕಿಲ್ಲ. ಆರಿದ ಮೇಲೆ ಒಣ ಬಟ್ಟೆಯಲ್ಲಿ ಸೋಸಬೇಕು. ಪರಿಮಳ ಬೇಕೆಂದರೆ 50 ಮಿಲಿಲೀಟರಿಗೆ ಹತ್ತು ಹನ್ನೆರಡು ಹನಿ ಶ್ರೀಗಂಧದೆಣ್ಣೆ. ಅದಕ್ಕಿಂತ ಹೆಚ್ಚು ಬೇಡ. ಗಂಧದೆಣ್ಣೆ, ಲವಂಗದೆಣ್ಣೆ, ನೀಲಗಿರಿ ತೈಲಗಳಿಗೂ ಎಣ್ಣೆಯೆಂದೇ ಹೆಸರಾದರೂ ಕುಲ ಬೇರೆ. ಅವು ಗಾಳಿಗೆ ಆರಿಹೋಗುವ ಸುಗಂಧತೈಲಗಳು. ಕಾಗದದ ಮೇಲೆ ಒಂದು ಹನಿ ಹಾಕಿದರೆ ಸ್ವಲ್ಪ ಹೊತ್ತಿಗೋ ಮರುದಿನಕ್ಕೋ ಕಲೆ ಮಾಸುತ್ತದೆ, ಕೊಬ್ಬರಿ ಎಣ್ಣೆಯ ಕಲೆ ಹಾಗೇ ಉಳಿಯುತ್ತದೆ. ಅವನ್ನು ನೇರವಾಗಿ ಮುಖಕ್ಕೆ ಹಚ್ಚಿದರೆ ಚರ್ಮ ಸುಡುವುದುಂಟು.

ಕೇಸರಿಯ ಗುಟ್ಟು

ಕೇಸರಿ ಎಸಳನ್ನು ಎಣ್ಣೆಗೆ ಹಾಕಿ ವಾರಗಟ್ಟಲೆ ಕಾದರೂ ಎಣ್ಣೆ ಕೆಂಪಾಗಲಿಲ್ಲ, ಕೇಸರಿ ಖೋಟಾ ಇರಬೇಕು ಎಂದು ಬೇಸರಪಡುವವರಿದ್ದಾರೆ. ಅಸಲಿ ಕೇಸರಿಯ ಲಕ್ಷಣವೇ ಅದು. ಅದರ ಬಣ್ಣವಾದ ಕ್ರೋಸಿನ್ ನೀರಿನಲ್ಲಿ, ಹಾಲಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಅರಿಶಿನದ ಕರ್ಕ್ಯುಮಿನ್ ಇದಕ್ಕೆ ಪೂರ್ತಿ ತಿರುಗಾಮುರುಗಾ. ಕ್ಯಾರೆಟ್ಟಿನ ಬಣ್ಣ ಎಣ್ಣೆಯ ಕಡೆಗೆ, ಬೀಟ್‌ರೂಟಿನದು ನೀರಿನ ಕಡೆಗೆ. ಎರಡು ಗಾಜಿನ ಲೋಟ, ಒಂದರಲ್ಲಿ ಬೆಚ್ಚಗಿನ ನೀರು, ಇನ್ನೊಂದರಲ್ಲಿ ಬೆಚ್ಚಗಿನ ಎಣ್ಣೆ ಇಟ್ಟುಕೊಂಡು ಮಕ್ಕಳು ಇವನ್ನು ಒಂದೊಂದಾಗಿ ಪರೀಕ್ಷಿಸಬಹುದು. ಬಳಿಕ, ಕೇಸರಿ ಮಾತ್ರ ಹಾಕಿದ್ದೆಂದು ಹೇಳುವ ಅಂಗಡಿಯ ಎಣ್ಣೆ ಕಡುಗೆಂಪಾಗಿದ್ದರೆ ಆ ಕೆಂಪು ಎಲ್ಲಿಂದ ಬಂತೆಂದು ಅವರೇ ಕೇಳುತ್ತಾರೆ. ರತ್ನಜ್ಯೋತಿಯ ಬೇರು ಎಣ್ಣೆಗೆ ಸೊಗಸಾದ ಕೆಂಪು ಕೊಡುತ್ತದೆ, ಬೆಲೆಯೂ ಅಗ್ಗ.

ನಿಂಬೆರಸವನ್ನು ಎಣ್ಣೆಗೆ ಬೆರೆಸಿ ಹಚ್ಚಿ ಎನ್ನುವವರ ಮಾತು ಕೇಳಬಾರದು. ರಸ ಎಣ್ಣೆಯಲ್ಲಿ ಬೆರೆಯುವುದಿಲ್ಲ ಎಂಬುದು ಹಾಗಿರಲಿ, ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ಮತ್ತು ರಸದಲ್ಲಿನ ಕೆಲವು ರಾಸಾಯನಿಕಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಕಪ್ಪು ಕಲೆ ನಿಲ್ಲುತ್ತದೆ. ಬೆಳ್ಳಗಾಗಲು ಹಚ್ಚಿದ್ದು ಕಪ್ಪು ಮಾಡುವ ವಿಪರ್ಯಾಸ. ಇನ್ನು ಕರ್ಪೂರ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿಡುವ ವಾಡಿಕೆ ಅನೇಕ ಕಡೆ ಇದೆ. ಪುಟ್ಟ ಮಗು ಅದನ್ನು ಕುಡಿದರೆ ಸ್ವಲ್ಪ ಕರ್ಪೂರವೇ ಸಾಕು, ಫಿಟ್ಸ್ ಬರಬಹುದು. ಎಳೆಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಬೇವಿನೆಣ್ಣೆಯೂ ಮಕ್ಕಳ ಹೊಟ್ಟೆಗೆ ಹೋಗಬಾರದು.

ಕಾದ ಎಣ್ಣೆಗೆ ಹಸಿ ಸೊಪ್ಪು, ಹಸಿ ದಳ ಹಾಕುವುದಂತೂ ಅನಾಹುತಕ್ಕೆ ಆಹ್ವಾನ. ನೀರು ಆವಿಯಾಗುವಾಗ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಆ ರಭಸಕ್ಕೆ ಎಣ್ಣೆ ಹಾರಿ ಮುಖಕ್ಕೇ ಬೀಳಬಹುದು.

ಸೀಸೆಯಲ್ಲಿ

ಸೋಸಿದ ಎಣ್ಣೆಯನ್ನು ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿದ ಕಂದು ಬಣ್ಣದ ಸಣ್ಣ ಸೀಸೆಗಳಿಗೆ ಕುತ್ತಿಗೆಯವರೆಗೆ ತುಂಬಬೇಕು. ಅರ್ಧ ತುಂಬಿದ ದೊಡ್ಡ ಸೀಸೆಯಲ್ಲಿ ಗಾಳಿ ಹೆಚ್ಚು. ಎಣ್ಣೆ ಕಮಟುವುದು ಗಾಳಿಯ ಆಮ್ಲಜನಕದಿಂದ. ಬೆಳಕು ಅದನ್ನು ಚುರುಕುಗೊಳಿಸುತ್ತದೆ. ತಾಮ್ರ, ಕಬ್ಬಿಣಗಳೂ ಹಾಗೆಯೇ, ಆದ್ದರಿಂದ ಇದಕ್ಕೆ ಸ್ಟೀಲ್ ಅಥವಾ ಗಾಜಿನ ಪಾತ್ರೆ ಲೇಸು. ಮಾಡಿದ ದಿನಾಂಕ ಬರೆದ ಚೀಟಿ ಅಂಟಿಸಿರಬೇಕು. ಕುಸುಬಿ ಎಣ್ಣೆಯದು ಎರಡು ತಿಂಗಳಿಗೆ ಮುಗಿಯುವಷ್ಟೇ ಮಾಡಿಕೊಳ್ಳುವುದು ಜಾಣತನ. ಹಳೆಯ ಹಪ್ಪಳದ ಡಬ್ಬದ ವಾಸನೆ ಬಂದರೆ ಮುಖಕ್ಕೆ ಹಚ್ಚದೆ ಬಾಗಿಲ ತಿರುಗಣಿಗೆ ಬಿಡುವುದು.

ಹೊಸ ಎಣ್ಣೆಯನ್ನು ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಬೇಕು. ತುರಿಕೆ, ಕೆಂಪು ಕಂಡರೆ ಅಲ್ಲಿಗೇ ನಿಲ್ಲಿಸುವುದು. ‘ನೈಸರ್ಗಿಕ’ ಎಂದ ಮಾತ್ರಕ್ಕೆ ಚರ್ಮ ಒಪ್ಪಬೇಕೆಂದಿಲ್ಲ; ಗೇರುಸಿಪ್ಪೆಯ ಎಣ್ಣೆಯೂ ನೈಸರ್ಗಿಕವೇ, ತಾಗಿದ ಕೈ ಏನಾಗುತ್ತದೆಂದು ಕರಾವಳಿಯವರನ್ನು ಕೇಳಬಹುದು.

ತೆಂಗಿನಹಾಲಿನ ಎಣ್ಣೆ ಸೋಸಿದ ಮೇಲೆ ಬಟ್ಟೆಯಲ್ಲಿ ಹೊಂಬಣ್ಣದ ಗಸಿ ಉಳಿದಿರುತ್ತದೆ. ಮೂಲಿಕೆ ಏನೂ ಹಾಕಿರದಿದ್ದರೆ ಅದಕ್ಕೆ ಪುಡಿಬೆಲ್ಲ ಬೆರೆಸಿ, ಒಲೆಯ ಸುತ್ತ ಅಷ್ಟು ಹೊತ್ತು ಸದ್ದಿಗೆ ಕಿವಿಗೊಟ್ಟು ಕಾದು ಕುಳಿತ ಮಕ್ಕಳ ಅಂಗೈಗೆ ಒಂದೊಂದು ಉಂಡೆ ಇಡುವುದು ವಾಡಿಕೆ.